ಹಳೆಯ ಯೆಜ್ದಿಗೆ ಎಫ್‌ಸಿ: ಶಿರಾ ಗೇಟಿನ ಒಂದು ಗ್ಯಾರೇಜು

ತುಮಕೂರಿನ ಶಿರಾ ಗೇಟ್ ಬಳಿ ಬೋರ್ಡು ಕೂಡ ಇಲ್ಲದ ಒಂದೇ ಶೆಟರಿನ ಗ್ಯಾರೇಜಿನಲ್ಲಿ, ನಮ್ಮ ತಂದೆಯವರ 1979ರ ಯೆಜ್ದಿ ಬೈಕನ್ನು ಆರ್‌ಸಿ ನವೀಕರಣದ ತಪಾಸಣೆಗೆ (ಜನ ಎಫ್‌ಸಿ ಎನ್ನುವುದು ಇದನ್ನೇ) ಸಿದ್ಧಪಡಿಸಿಕೊಂಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಇಂಥ ಗಾಡಿಯನ್ನು ಮನೆಯ ಮೂಲೆಯಲ್ಲಿ ನಿಲ್ಲಿಸಿಕೊಂಡು ಹಿಂಜರಿಯುತ್ತಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ನಾವು ಅಭಿಮಾನದಿಂದ ವಿಂಟೇಜ್ ಎನ್ನುತ್ತೇವಾದರೂ, 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪ ಕೆಡದ ಗಾಡಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾರಕ್ಕೊಮ್ಮೆ ಕ್ಯಾತ್ಸಂದ್ರದವರೆಗಾದರೂ ಓಡಿಸಬೇಕೆಂಬ ನನಗೆ ಉಳಿದದ್ದು ಸಾಮಾನ್ಯ ನವೀಕರಣದ ದಾರಿ. ಮೊದಲ 15 ವರ್ಷ ಕಳೆದ ಮೇಲೆ 5 ವರ್ಷಕ್ಕೊಮ್ಮೆ ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ತಡವಾದರೆ ದ್ವಿಚಕ್ರ ವಾಹನಕ್ಕೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತದೆ.

ನನ್ನ ಗಾಡಿಯ ಮುಖ್ಯ ತೊಂದರೆ ಹೊಗೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5 ಮತ್ತು ಹೈಡ್ರೋಕಾರ್ಬನ್ 9000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಮಿತಿಯಿದ್ದು, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಇಂಥ ಟೂ ಸ್ಟ್ರೋಕ್ ಇಂಜಿನ್ನಿಗೂ ಇದು ಕಷ್ಟದ ಮಿತಿಯೇನಲ್ಲ; ಆದರೂ ಎಮಿಷನ್ ಟೆಸ್ಟಿನಲ್ಲಿ ನನ್ನ ಗಾಡಿ ಮೊದಲ ಸಲ ಫೇಲಾಯಿತು. ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನು ಕಡಿಮೆ ಮಾಡಿದರೆ ಸಾಕೆಂದು ಸಲಹೆ ಕೊಟ್ಟವರು ಹಲವರು. ಇಲ್ಲಿನ ಹಿರಿಯ ಮೆಕ್ಯಾನಿಕ್ ಮಾತ್ರ, "ಎಣ್ಣೆ ಕಮ್ಮಿ ಮಾಡಿದ್ರೆ ಹೊಗೆ ನಿಲ್ಲಲ್ಲ ಸಾರ್, ಪಿಸ್ಟನ್ ಹಿಡ್ಕೊಳ್ಳುತ್ತೆ" ಎಂದು ಹೇಳಿ, ಗೇರ್ ಬಾಕ್ಸಿನ ಎಣ್ಣೆಯ ಮಟ್ಟವನ್ನು ನೋಡಿದರು. ನೆಲಕ್ಕೆ ಒಂದು ಹನಿಯೂ ಸೋರದೆ ಎಣ್ಣೆ ಅರ್ಧಕ್ಕಿಳಿದಿತ್ತು. ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಕ್ಲಚ್ ಬದಿಯ ಸೀಲು ಒಣಗಿ ಗಟ್ಟಿಯಾಗಿದ್ದರಿಂದ ಆ ಎಣ್ಣೆ ಕ್ರ್ಯಾಂಕ್ ಇರುವ ಕೋಣೆಗೆ (ಕ್ರ್ಯಾಂಕ್‌ಕೇಸ್) ಸೇರಿ, ಪೆಟ್ರೋಲಿನ ಜೊತೆ ಉರಿಯುತ್ತಿತ್ತು. ಅವರು ಕ್ಲಚ್ ಬಿಚ್ಚಿ ಸೀಲು ಬದಲಿಸಿದರು. ಎರಡೂ ಸೈಲೆನ್ಸರುಗಳಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಮಸಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೆಗೆದರು. ಮತ್ತೆ ಟೆಸ್ಟ್ ಮಾಡಿಸಿದಾಗ ಎರಡೂ ಅಂಕಿಗಳು ಮಿತಿಯೊಳಗೆ ಬಂದವು.

ನಾನು ಹೆಚ್ಚು ಮೆಚ್ಚಿದ್ದು, ಕೇಳದಿದ್ದರೂ ಅವರು ಗಮನಿಸಿದ ಒಂದು ಸಂಗತಿಯನ್ನು. ಹಿಂದೊಮ್ಮೆ ಬೇರೆ ಕಡೆ ಬಣ್ಣ ಹೊಡೆಸಿದಾಗ, ಹ್ಯಾಂಡಲಿನ ಕೆಳಗೆ ಫ್ರೇಮಿನ ಕತ್ತಿನಲ್ಲಿರುವ ಚಾಸಿ ನಂಬರು ದಪ್ಪ ಬಣ್ಣದಡಿ ಮುಚ್ಚಿಹೋಗಿತ್ತು. ನಿರೀಕ್ಷಕರು ಆರ್‌ಸಿಯೊಂದಿಗೆ ತಾಳೆ ನೋಡುವುದು ಆ ನಂಬರನ್ನೇ. ಉಜ್ಜುಕಾಗದ ಹಿಡಿದರೆ ಅಂಕಿಗಳೇ ಸವೆದು, ತಿದ್ದಿದಂತೆ ಕಂಡು ಅನುಮಾನಕ್ಕೆ ಎಡೆಯಾಗುತ್ತದೆಂದು ಅವರು ಪೇಂಟ್ ರಿಮೂವರ್ ಹಚ್ಚಿ, ಬಟ್ಟೆಯಲ್ಲಿ ತಾಳ್ಮೆಯಿಂದ ಒರೆಸಿದರು. ಹೊಳಪಿಗೆ ಸಾವಿರಾರು ರೂಪಾಯಿ ಸುರಿದ ನನಗೆ ಆಗ ನಾಚಿಕೆಯಾದದ್ದು ನಿಜ.

ಬೆಳಕಿನ ವಿಷಯದಲ್ಲೂ ಅವರು ಹಿಡಿತ ಬಿಡಲಿಲ್ಲ. 6 ವೋಲ್ಟಿನ ಡೈನಮೋ ತೆಗೆದು 12 ವೋಲ್ಟಿಗೆ ಬದಲಿಸಲು ನಾನು ಒತ್ತಾಯಿಸಿದರೆ, ಮೊದಲು ಅರ್ತ್ ಜೋಡಣೆಗಳನ್ನು ಕೆರೆದು, ಕೊಳೆತ ವೈರು ತೆಗೆದು, ಹೊಸ ಬ್ಯಾಟರಿ ಹಾಕಿ ನೋಡೋಣವೆಂದರು. ಹಾರ್ನು, ಬ್ರೇಕ್ ಲೈಟು, ಹೈ ಮತ್ತು ಲೋ ಬೀಮ್ ಅಷ್ಟರಲ್ಲೇ ಸರಿಹೋದವು. ಬ್ರೇಕ್ ಶೂ ಮತ್ತು ಕೇಬಲ್ಲಿನ ಕೆಲಸ ಮಾಮೂಲಿಯದು.

ದೂರುಗಳೂ ಇವೆ. ಹತ್ತು ದಿನವೆಂದವರು ಐದು ವಾರ ತೆಗೆದುಕೊಂಡರು. ಫೋನ್ ಎತ್ತುವುದು ಅಪರೂಪ. ಬರಹದ ಬಿಲ್ ಇಲ್ಲದ್ದರಿಂದ ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು ಎಂಬುದನ್ನು ನಾನೇ ಚೀಟಿಯಲ್ಲಿ ಬರೆದುಕೊಂಡೆ. ಹಳೆಯ ಭಾಗಗಳನ್ನು ಕೇಳಿದರೆ ಮಾತ್ರ ಕೊಡುತ್ತಾರೆ, ಆದ್ದರಿಂದ ಕೇಳಲೇಬೇಕು. ಆರ್‌ಟಿಒ ಕಚೇರಿಯ ಕೆಲಸಕ್ಕೆ ಅವರು ಬರುವುದಿಲ್ಲ. ವಿಮೆ, ಹಸಿರು ತೆರಿಗೆಯ ರಸೀದಿ, ಎಮಿಷನ್ ಪ್ರಮಾಣಪತ್ರಗಳನ್ನು ನಾನೇ ಜೋಡಿಸಿಕೊಂಡು ಹೋದೆ. ಅಲ್ಲಿ ಗಾಡಿ ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ತಪಾಸಣೆ ಕಾಲು ಗಂಟೆಯಲ್ಲಿ ಮುಗಿಯಿತು.

ಅದಾದ ಮೇಲೆ ಸುಮಾರು 600 ಕಿ.ಮೀ. ಓಡಿಸಿದ್ದೇನೆ. ಕಳೆದ ಭಾನುವಾರ ನೋಡಿದಾಗ ಗೇರ್ ಬಾಕ್ಸಿನ ಎಣ್ಣೆ ಅವರು ತುಂಬಿಸಿದ ಮಟ್ಟದಲ್ಲೇ ಇತ್ತು.