ತಂಬೂರಿಯ ಹಿಂದಿನ ಗುಂಯ್: ಲ್ಯಾನ್ ವೈರು, ವೈಫೈ, ಫೈಬರ್ ಹೋಲಿಸಿ ನೋಡಿದ್ದು

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, 1924ರಲ್ಲಿ. ಕ್ಷಯ ಬಂದು ಒಂದು ಶ್ವಾಸಕೋಶ ಕೆಟ್ಟ ಮೇಲೆ ಅವರು ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡತೊಡಗಿದರು. ಎರಡು ತುಣುಕುಗಳ ನಡುವೆ ತಂಬೂರಿ ಮಾತ್ರ ಉಳಿಯುತ್ತದೆ. ನನಗೆ ಆ ಜಾಗ ಬಹಳ ಇಷ್ಟ. ನಮ್ಮ ಮನೆಯಲ್ಲಿ ನೆಟ್‌ವರ್ಕಿನಿಂದ ಬರುವ ಹಾಡನ್ನು ಸ್ಪೀಕರ್‌ನಲ್ಲಿ ಕೇಳುವಾಗ ಸರಿಯಾಗಿ ಆ ಜಾಗದಲ್ಲೇ ಒಂದು ಗುಂಯ್ ಸೇರಿಕೊಂಡಿತ್ತು. ತಂಬೂರಿಗೆ ಶ್ರುತಿ ಕೂಡದ ಐದನೇ ತಂತಿಯೊಂದನ್ನು ಕಟ್ಟಿದ ಹಾಗೆ.

ನಮ್ಮದು ಟಿಳಕವಾಡಿಯ ಹಳೆ ಮನೆ, ದಪ್ಪ ಕಲ್ಲಿನ ಗೋಡೆ. ರೂಟರ್ ಕೆಳಗಿನ ಹಾಲ್‌ನಲ್ಲಿದೆ. ಅದರ ಪಕ್ಕ ಲೋಹದ ಡಬ್ಬಿಯ ಸಣ್ಣ ಸ್ವಿಚ್ (ಒಂದು ಲೈನನ್ನು ಹಲವು ಲ್ಯಾನ್ ವೈರುಗಳಿಗೆ ಹಂಚುವ ಡಬ್ಬಿ), ಅದಕ್ಕೆ ಮಗಳ ಡೆಸ್ಕ್‌ಟಾಪ್ ಕೂಡ ಜೋಡಿಸಿದೆ. ಹಾಡು ಕೇಳುವ ಕೋಣೆ ಮೇಲೆ. ಅಲ್ಲಿ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಅದರಿಂದ ಡ್ಯಾಕ್ (ಡಿಜಿಟಲ್ ಡೇಟಾವನ್ನು ಸ್ವರದ ಸಿಗ್ನಲ್ ಮಾಡುವ ಡಬ್ಬಿ), ಅಲ್ಲಿಂದ ಆಂಪ್ಲಿಫೈಯರ್, ಸ್ಪೀಕರ್. ಕೆಳಗಿನಿಂದ ಟೆರೇಸಿನ ಅಂಚು ಹಿಡಿದು ಬರುವ 20 ಮೀಟರ್ ಲ್ಯಾನ್ ವೈರು. ಒಳ್ಳೆಯದೇ ಇರಲಿ ಅಂತ ಒಳಗೆ ಫಾಯಿಲ್ ಸುತ್ತಿದ, ಎರಡೂ ತುದಿಗೆ ಲೋಹದ ಪ್ಲಗ್ ಇರುವ ಶೀಲ್ಡ್ ವೈರನ್ನೇ ಹಾಕಿಸಿದ್ದೆ.

ಒಂದು ಸಂಜೆ ಹಾಡು ನಡೆಯುತ್ತಿದ್ದಾಗಲೇ ಆ ವೈರನ್ನು ಪೈಯಿಂದ ಕಿತ್ತೆ. ಹಾಡು ನಿಲ್ಲಲಿಲ್ಲ. ಪೈ ಮೊದಲೇ ತುಂಬಿಕೊಂಡಿದ್ದ ಬಫರ್‌ನಿಂದ ಇನ್ನೂ ಕೆಲವು ಸೆಕೆಂಡ್ ನಡೆಯಿತು. ಆದರೆ ಗುಂಯ್ ಮಾತ್ರ ಆ ಕ್ಷಣಕ್ಕೇ ಹೋಯಿತು. ನೀವೂ ಬೇರೇನೂ ಕೊಳ್ಳುವ ಮೊದಲು ಇದೊಂದನ್ನು ಮಾಡಿ ನೋಡಿ. ಕೆಟ್ಟದ್ದು ಹಾಡಿನ ಡೇಟಾ ಅಲ್ಲ, ವೈರಿನ ಜೊತೆ ಬರುವ ಕರೆಂಟು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಡೇಟಾ ಹಾಳಾದರೆ ಮತ್ತೆ ಕೇಳಿ ತರಿಸಿಕೊಳ್ಳುವ ವ್ಯವಸ್ಥೆ ನೆಟ್‌ವರ್ಕಿನಲ್ಲೇ ಇದೆ. ಸಿಡಿ ಗುಣಮಟ್ಟದ ಹಾಡಿಗೆ ಬೇಕಾಗುವುದು ಸೆಕೆಂಡಿಗೆ 1411 ಕಿಲೋಬಿಟ್. 100 ಮೆಗಾಬಿಟ್ ಲೈನಿನಲ್ಲಿ ಅದರ 70 ಪಟ್ಟು ಜಾಗ ಇರುತ್ತದೆ.

ಅಲ್ಲಿಂದ ಮುಂದೆ ಸುಮಾರು ಎರಡು ತಿಂಗಳು ಒಂದೊಂದೇ ದಾರಿ ಹಿಡಿದು ನೋಡಿದೆ.

ಮೊದಲು ವೈಫೈ. ವೈರೇ ಇಲ್ಲ ಅಂದ ಮೇಲೆ ಗುಂಯ್ ಬರಲು ದಾರಿಯೇ ಇಲ್ಲ, ಅಲ್ವಾ? ನಿಜ, ಹೋಯಿತು. ಆದರೆ 5 ಗಿಗಾಹರ್ಟ್ಸ್ ಸಿಗ್ನಲ್ ನಮ್ಮ ಗೋಡೆ ದಾಟಿ ಮೇಲೆ ಬರುವಷ್ಟರಲ್ಲಿ ಸೋತಿರುತ್ತಿತ್ತು. 2.4 ಗಿಗಾಹರ್ಟ್ಸ್ ಬರುತ್ತಿತ್ತು, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಓಣಿಯ ಎಲ್ಲ ರೂಟರ್‌ಗಳೂ ಅಲ್ಲೇ ಕೂತಿರುತ್ತವೆ. ರಾತ್ರಿ ಎಂಟಾಯಿತೆಂದರೆ ಹಾಡು ಕಡಿಯುತ್ತಿತ್ತು. ವಿಲಂಬಿತ್ ಖಯಾಲ್ ಮಧ್ಯೆ ಕಡಿದರೆ ಮತ್ತೆ ಕೂತು ಕೇಳುವ ಮನಸ್ಸೇ ಇರುವುದಿಲ್ಲ. ರೂಟರ್ ಇರುವ ಕೋಣೆಯಲ್ಲೇ ಸ್ಪೀಕರ್ ಇದ್ದವರಿಗೆ ಮಾತ್ರ ನಾನು ಮೊದಲು ಹೇಳುವುದು ಇದನ್ನೇ. 5 ಗಿಗಾಹರ್ಟ್ಸ್ ಹಚ್ಚಿ, ಲ್ಯಾನ್ ವೈರು ತೆಗೆದುಬಿಡಿ. ಖರ್ಚು ಏನೂ ಇಲ್ಲ.

ಮನೆಯ ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಕೂಡ ತಂದೆ, ನಾಲ್ಕೇ ದಿನಕ್ಕೆ ತೆಗೆದಿಟ್ಟೆ. ಅದು 2 ಮೆಗಾಹರ್ಟ್ಸ್‌ನಿಂದ ಮೇಲಿನ ಸಿಗ್ನಲನ್ನು ಮನೆಯ ಎಲ್ಲ ವೈರಿಗೂ ತಾನೇ ತುಂಬುತ್ತದೆ. ನಾವು ಕಳೆಯಬೇಕೆಂದಿರುವುದೇ ಅದು. ಅಡುಗೆ ಮನೆಯಲ್ಲಿ ಮಿಕ್ಸರ್ ಹಚ್ಚಿದರೆ ಹಾಡೂ ನಿಲ್ಲುತ್ತಿತ್ತು.

ಈಗ ಮುಖ್ಯ ವಿಷಯ: ಶೀಲ್ಡ್ ವೈರು ಮತ್ತು ಸಾದಾ ವೈರು. ಲ್ಯಾನ್ ಪೋರ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. 1500 ವೋಲ್ಟ್ ತಡೆಯುವ ಹಾಗೆ ಅವನ್ನು ಮಾಡಿರುತ್ತಾರೆ. ಡೇಟಾ ದಾಟುತ್ತದೆ, 50 ಹರ್ಟ್ಸ್ ಗುಂಯ್ ದಾಟುವುದಿಲ್ಲ. ಅಂದರೆ ಗೋಡೆ ಮೊದಲೇ ಕಟ್ಟಿದೆ. ಶೀಲ್ಡ್ ಏನು ಮಾಡುತ್ತದೆ? ಆ ಗೋಡೆಯ ಪಕ್ಕದಿಂದ ಲೋಹದ ಸೇತುವೆ ಹಾಕುತ್ತದೆ. ನಮ್ಮ ಮನೆಯಲ್ಲಿ ಡೆಸ್ಕ್‌ಟಾಪ್ ಮೂರು ಪಿನ್ನಿನದು, ಕೆಳಗಿನ ಅರ್ಥಿಂಗ್‌ಗೆ ಸೇರಿದೆ. ಆಂಪ್ಲಿಫೈಯರ್ ಕೂಡ ಮೂರು ಪಿನ್ನಿನದು, ಮೇಲಿನ ಅರ್ಥಿಂಗ್‌ಗೆ ಸೇರಿದೆ. ನಡುವೆ ಶೀಲ್ಡ್ ಎರಡನ್ನೂ ಜೋಡಿಸಿ ಮನೆಯಷ್ಟು ದೊಡ್ಡ ಒಂದು ಸುತ್ತು ಮಾಡಿತ್ತು. ಆ ಸುತ್ತಿನಲ್ಲಿ ಹರಿಯುವ ಕರೆಂಟೇ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತಿತ್ತು.

ಖಡೇಬಜಾರಿನಲ್ಲಿ ಫಾಯಿಲ್ ಇಲ್ಲದ ಸಾದಾ ಕ್ಯಾಟ್ 6 ದರ್ಜೆಯ ಲ್ಯಾನ್ ವೈರು, ಪ್ಲಾಸ್ಟಿಕ್ ಪ್ಲಗ್, ತಂದು ಹಾಕಿದೆ. ಗುಂಯ್ ಹೋಯಿತು. ಆ ರಾತ್ರಿ ಎರಡು ಗಂಟೆವರೆಗೂ ಕೂತು ಕೇಳಿದೆ. ಅಗ್ಗದ ವೈರು ದುಬಾರಿ ವೈರನ್ನು ಇಷ್ಟು ಸ್ಪಷ್ಟವಾಗಿ ಸೋಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗುಂಯ್ ಕಳೆಯಲು ಆಂಪ್ಲಿಫೈಯರಿನ ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಒಂದು ವೈರು ಸಡಿಲಾಗಿ ಡಬ್ಬಿಗೆ ತಾಗಿದರೆ ಜೀವ ಉಳಿಸುವುದು ಆ ಪಿನ್ನೇ.

ಅದೇ ಹೊತ್ತಿಗೆ ವಿಜಯಪುರದ ಗೆಳೆಯರೊಬ್ಬರು ಹಾಡು ಕೇಳುವವರಿಗಾಗಿಯೇ ಮಾಡಿದ ತಮ್ಮ ಆಡಿಯೊ ಸ್ವಿಚ್ ತಂದು ಒಂದು ವಾರ ನಮ್ಮಲ್ಲಿ ಬಿಟ್ಟರು. ಬೆಲೆ 40 ಸಾವಿರದ ಮೇಲೆ. ಒಳಗೆ ಒಳ್ಳೆಯ ಕ್ಲಾಕ್ (ಡೇಟಾಕ್ಕೆ ತಾಳ ಹಾಕುವ ಭಾಗ), ಒಳ್ಳೆಯ ಪವರ್ ಸಪ್ಲೈ. ಕಟ್ಟಿದ ರೀತಿ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಹಳೆಯ ಶೀಲ್ಡ್ ವೈರಿನ ಜೊತೆ ಅದನ್ನು ಹಚ್ಚಿದರೆ ಗುಂಯ್ ಹಾಗೇ ಇತ್ತು. ಸಾದಾ ವೈರಿನ ಜೊತೆ ಹಚ್ಚಿದರೆ ನನ್ನ ಹಳೆ ಸ್ವಿಚ್ಚಿಗೂ ಅದಕ್ಕೂ ಫರಕು ಕೇಳಲಿಲ್ಲ. ಕಾರಣ ಇದೆ. ಸ್ವಿಚ್ಚಿನ ಕ್ಲಾಕ್ ಡೇಟಾ ಸಾಗಿಸಲು ಮಾತ್ರ. ಡೇಟಾ ಪೈಯ ಬಫರ್‌ನಲ್ಲಿ ಬಂದು ಕೂತ ಮೇಲೆ ಸ್ವರ ಯಾವಾಗ ಹೊರಡಬೇಕು ಅನ್ನುವುದನ್ನು ಡ್ಯಾಕ್ ಒಳಗಿನ ಕ್ಲಾಕೇ ತೀರ್ಮಾನಿಸುತ್ತದೆ. ಗೆಳೆಯರು ಕೂಡ ಕಣ್ಣು ಮುಚ್ಚಿ ಕೂತು ಕೇಳಿದರು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಸಾದಾ ವೈರು ಸಿಗುವ ಅಂಗಡಿ ಯಾವುದು ಅಂತ ಕೇಳಿದರು.

ಗುಂಯ್ ಹೋದ ಮೇಲೆ ಅದರ ಕೆಳಗೆ ಅಡಗಿದ್ದ ಇನ್ನೊಂದು ಶಬ್ದ ಎದ್ದು ಬಂತು. ವಾಲ್ಯೂಮ್ ಜಾಸ್ತಿ ಮಾಡಿ, ಹಾಡು ಹಚ್ಚದೆ, ಟ್ವೀಟರ್‌ಗೆ (ಸ್ಪೀಕರಿನಲ್ಲಿ ಏರು ಸ್ವರ ಹೊರಡಿಸುವ ಪುಟ್ಟ ಭಾಗ) ಕಿವಿ ಕೊಟ್ಟರೆ ಸಣ್ಣ ಚಿರ್ ಚಿರ್. ಮೇಲಿನ ಫ್ರೀಕ್ವೆನ್ಸಿಯ ಗದ್ದಲ ಲ್ಯಾನ್ ಪೋರ್ಟಿನ ಟ್ರಾನ್ಸ್‌ಫಾರ್ಮರನ್ನೂ ಸ್ವಲ್ಪ ನುಸುಳುತ್ತದೆ. ಎರಡು ಪಿನ್ನಿನ ಚಾರ್ಜರ್ ಕೂಡ ಇಂಥ ಗದ್ದಲ ಬಿಡುತ್ತದೆ. ಅಂಥ ಚಾರ್ಜರ್‌ಗೆ ಜೋಡಿಸಿದ ಲೋಹದ ಡಬ್ಬಿಯ ಮೇಲೆ ಬೆರಳು ಆಡಿಸಿದಾಗ ಕೆಲವೊಮ್ಮೆ ಜುಮ್ ಅನ್ನುತ್ತದಲ್ಲ, ಅದು ಅದರೊಳಗಿನ ಕೆಪಾಸಿಟರ್ ದಾಟಿ ಬರುವ ಸಣ್ಣ ಕರೆಂಟು.

ಇದಕ್ಕೆ ಎರಡು ಔಷಧ ಹೋಲಿಸಿದೆ. ಒಂದು, ಪೈಗೆ ಹಳೆ ಕಾಲದ ಲೀನಿಯರ್ ಪವರ್ ಸಪ್ಲೈ. ನಮ್ಮ ಓಣಿಯ ರೇಡಿಯೊ ರಿಪೇರಿಯವರು ಕಟ್ಟಿಕೊಟ್ಟರು. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರ್, ವೋಲ್ಟೇಜನ್ನು ಸ್ಥಿರವಾಗಿಡುವ ಎಲ್‌ಎಂ338 ರೆಗ್ಯುಲೇಟರ್, ಅಂಗೈ ಅಗಲದ ಹೀಟ್‌ಸಿಂಕ್. ಅದರ ಬದಲು 7805 ರೆಗ್ಯುಲೇಟರ್ ಹಾಕಿದರೆ ಪೈಗೆ ಕರೆಂಟು ಸಾಲುವುದಿಲ್ಲ. ಎಲ್‌ಎಂ338ಕ್ಕೆ 5 ಆಂಪಿಯರ್ ತಾಕತ್ತಿದೆ. ಇದರಿಂದ ಚಿರ್ ಚಿರ್ ಅರ್ಧಕ್ಕಿಂತ ಕಡಿಮೆಯಾಯಿತು.

ಇನ್ನೊಂದು, ಫೈಬರ್. ಕೆಳಗೊಂದು, ಮೇಲೊಂದು ಮೀಡಿಯಾ ಕನ್ವರ್ಟರ್ ಡಬ್ಬಿ (ಲ್ಯಾನ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಸಿಗ್ನಲಾಗಿ ಬದಲಿಸುವುದು), ನಡುವೆ ಗಾಜಿನ ಎಳೆ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಮೊದಲ ದಿನ ನಿರಾಸೆಯಾಯಿತು. ಚಿರ್ ಚಿರ್ ಇದ್ದೇ ಇತ್ತು. ಆಮೇಲೆ ಹೊಳೆಯಿತು, ಮೇಲಿನ ಡಬ್ಬಿಗೂ ಎರಡು ಪಿನ್ನಿನ ಅಡಾಪ್ಟರ್ ಇದೆ, ಅದರ ಗದ್ದಲ ಉಳಿದ ಅರ್ಧ ಮೀಟರ್ ತಾಮ್ರದ ವೈರು ಹಿಡಿದು ಬರುತ್ತಿದೆ. ಆ ಡಬ್ಬಿ 5 ವೋಲ್ಟಿನದು, ಪವರ್‌ಬ್ಯಾಂಕಿಗೆ ಹಚ್ಚಿದೆ. ಟ್ವೀಟರ್ ಮೌನವಾಯಿತು. ಫೈಬರ್ ಹಾಕಿಯೂ ಫಲ ಸಿಗದವರು ಮೊದಲು ಆ ಅಡಾಪ್ಟರನ್ನೇ ನೋಡಬೇಕು.

ಇಷ್ಟಾದ ಮೇಲೆ ತಮ್ಮನ ಮಗನನ್ನು ಕೂರಿಸಿಕೊಂಡೆ. ಲೀನಿಯರ್ ಸಪ್ಲೈ ಹಾಗೇ ಇಟ್ಟು, ಸಾದಾ ವೈರು ಅಥವಾ ಫೈಬರ್ ಅವನು ಬದಲಿಸಬೇಕು, ನಾನು ನೋಡದೆ ಹೇಳಬೇಕು. "ಕಾಕಾ, ಈಗ ಹೇಳ್ರಿ, ಯಾವದ್ ಐತಿ?" ಅಂತ ಇಪ್ಪತ್ತು ಸಲ ಕೇಳಿದ. ದಿನಾ ಕೇಳುವ ವಾಲ್ಯೂಮಿನಲ್ಲಿ, ಹಾಡು ನಡೆಯುತ್ತಿದ್ದಾಗ, ಹನ್ನೊಂದು ಸರಿ ಬಂತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಟ್ವೀಟರ್‌ಗೆ ಕಿವಿ ಹಚ್ಚಿದರೆ ಮಾತ್ರ ಪ್ರತಿ ಸಲ ಹೇಳಬಲ್ಲೆ. ಹಾಗಾಗಿ ಬರೀ ಧ್ವನಿಗೋಸ್ಕರ ಫೈಬರ್ ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸಾದಾ ಕ್ಯಾಟ್ 6, ಆಮೇಲೆ ಕೈಯಲ್ಲಿ ದುಡ್ಡಿದ್ದರೆ ಲೀನಿಯರ್ ಸಪ್ಲೈ, ಇದು ನಾನು ಹೇಳುವ ಕ್ರಮ.

ಆದರೂ ನಮ್ಮ ಮನೆಯಲ್ಲಿ ಈಗ ಇರುವುದು ಫೈಬರ್. ಅದಕ್ಕೆ ಕಾರಣ ಸಿಡಿಲು. ಹಿಂದೊಂದು ಮೇ ತಿಂಗಳ ಗುಡುಗು ಮಳೆಯಲ್ಲಿ ಟೆರೇಸಿನ ತಾಮ್ರದ ವೈರು ಹಿಡಿದು ಬಂದ ಹೊಡೆತಕ್ಕೆ ಒಂದು ಸ್ವಿಚ್, ಪೈ ಎರಡೂ ಸತ್ತವು. ಗಾಜಿನ ಎಳೆಯಲ್ಲಿ ಆ ಹೊಡೆತ ಬರುವ ಹಾಗಿಲ್ಲ. ಕರೆಂಟಿನ ಲೈನಿನಿಂದ ಬರುವುದಕ್ಕೆ ಮಳೆ ಶುರುವಾದಾಗ ಪ್ಲಗ್ ಕೀಳುವುದನ್ನು ಬಿಟ್ಟಿಲ್ಲ. ಎಳೆಯನ್ನು ಜಾಸ್ತಿ ಮಡಚಬಾರದು ಅಂತ ಮೂಲೆಗಳಲ್ಲಿ ಅಗಲ ತಿರುವು ಕೊಟ್ಟು ಪೈಪಿನಲ್ಲಿ ಇಳಿಸಿದ್ದೇನೆ.

ಫ್ರಿಜ್ ಶುರುವಾದಾಗ ಸ್ಪೀಕರ್‌ನಲ್ಲಿ ಬರುವ ಒಂದು ಟಪ್ ಇನ್ನೂ ಉಳಿದಿದೆ. ಲ್ಯಾನ್ ಕಿತ್ತರೂ ಬರುತ್ತದೆ, ಅಂದರೆ ಅದು ನೆಟ್‌ವರ್ಕಿನದಲ್ಲ. ಮೇಲಿನ ಕೋಣೆಗೆ ಮೀಟರ್ ಬೋರ್ಡಿನಿಂದ ಬೇರೆ ಲೈನು ಎಳೆಯಲು ಎಲೆಕ್ಟ್ರಿಶಿಯನ್ ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ.