ಹಾಟ್ ಫೈವ್ ಕೇಳಲು ಯಾವ ಪೆಟ್ಟಿಗೆ ಕೊಳ್ಳಬೇಕು?

ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ 1928ರವರೆಗೆ ಶಿಕಾಗೋದಲ್ಲಿ ‘ಓಕೆ’ ಎಂಬ ಗ್ರಾಮಫೋನ್ ತಟ್ಟೆ ಕಂಪನಿಗೆ ತನ್ನ ಹಾಟ್ ಫೈವ್, ಹಾಟ್ ಸೆವೆನ್ ಮೇಳಗಳೊಂದಿಗೆ ನುಡಿಸಿಕೊಟ್ಟ ಧ್ವನಿಮುದ್ರಣಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು ಎನ್ನುವವರಿಗೆ ನನ್ನ ಉತ್ತರ ಒಂದೇ: ಇಂಗ್ಲೆಂಡಿನ ಜೆಎಸ್‌ಪಿ ಸಂಸ್ಥೆಯ ನಾಲ್ಕು ಸಿ.ಡಿ.ಗಳ ಪೆಟ್ಟಿಗೆ. ಅದಕ್ಕೂ ಮೊದಲು ಹೆಸರಿಲ್ಲದ ಅಗ್ಗದ ಪೆಟ್ಟಿಗೆಯೊಂದನ್ನು ಕೊಂಡಿದ್ದೆ. ಮೊಬೈಲಿನಲ್ಲಿ ಚಂದಾ ಕಟ್ಟಿಯೂ ಕೇಳಿದ್ದೇನೆ. ಎರಡೂ ಕೈಹಿಡಿಯಲಿಲ್ಲ.

ಅಗ್ಗದ ಪೆಟ್ಟಿಗೆಯ ಮೇಲೆ ಮಿರುಗುವ ಚಿತ್ರ, ‘ಡಿಜಿಟಲ್ ತಂತ್ರದಿಂದ ಶುದ್ಧಗೊಳಿಸಿದ್ದು’ ಎಂಬ ದಪ್ಪಕ್ಷರ. ಶುದ್ಧಗೊಳಿಸಿದವರು ಯಾರು, ಯಾವ ಗ್ರಾಮಫೋನ್ ತಟ್ಟೆಯಿಂದ ತೆಗೆದದ್ದು ಎಂಬುದು ಎಲ್ಲಿಯೂ ಇಲ್ಲ. ಮೊದಮೊದಲು ‘ಆಹಾ, ಚರಪರ ಸದ್ದೇ ಇಲ್ಲವಲ್ಲ’ ಎಂದು ಹಿಗ್ಗಿದೆ. 1927ರ ಮೇ ತಿಂಗಳ ‘ಪೊಟೇಟೊ ಹೆಡ್ ಬ್ಲೂಸ್’ ಬರುವವರೆಗೆ ಮಾತ್ರ.

ಅದರ ಕೊನೆಯ ಭಾಗದಲ್ಲಿ ಇಡೀ ಮೇಳ ಎರಡು ಆವರ್ತಕ್ಕೊಮ್ಮೆ ಒಂದೇ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ನಡುವಿನ ಬಯಲಿನಲ್ಲಿ ಆರ್ಮ್‌ಸ್ಟ್ರಾಂಗ್ ಒಬ್ಬನೇ ಊದುತ್ತಾನೆ. ಜಾಝ್ ಕೇಳುವವರೆಲ್ಲ ಕಾದು ಕೂರುವ ಜಾಗ ಅದು. ಅಗ್ಗದ ಪೆಟ್ಟಿಗೆಯಲ್ಲಿ ಅವನು ಊದಿದಾಗ ತಟ್ಟೆಯ ‘ಸ್‌ಸ್’ ಸದ್ದು ಸ್ವರದ ಬೆನ್ನೇರಿ ಬರುತ್ತದೆ, ಉಸಿರೆಳೆದುಕೊಳ್ಳಲು ನಿಲ್ಲಿಸಿದ ಕೂಡಲೇ ಅದೂ ಮಾಯವಾಗುತ್ತದೆ. ಬಂತು, ಹೋಯಿತು, ಬಂತು, ಹೋಯಿತು. ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿ ಆಡುತ್ತಿದ್ದಂತೆ. ಸದ್ದಿನ ಮಟ್ಟ ಇಳಿದಾಗಲೆಲ್ಲ ಬಾಗಿಲು ಮುಚ್ಚುವಂತೆ ಯಂತ್ರಕ್ಕೆ ಹೇಳಿಟ್ಟಿದ್ದರ ಫಲ ಇದು. ಸದ್ದು ಉದ್ದಕ್ಕೂ ಒಂದೇ ಸಮನಿದ್ದರೆ ಕಿವಿ ಎರಡು ನಿಮಿಷದಲ್ಲಿ ಅದನ್ನು ಮರೆಯುತ್ತದೆ. ಹೀಗೆ ಬಂದುಹೋಗುತ್ತಿದ್ದರೆ ಬೇರೇನೂ ಕೇಳಿಸುವುದಿಲ್ಲ. ಒಮ್ಮೆ ಗಮನಕ್ಕೆ ಬಂದಮೇಲೆ ಎಲ್ಲ ಹಾಡುಗಳಲ್ಲೂ ಅದನ್ನೇ ಹುಡುಕುವ ಚಾಳಿ ಹತ್ತಿತು.

1928ರ ಜೂನ್ 28ರ ‘ವೆಸ್ಟ್ ಎಂಡ್ ಬ್ಲೂಸ್’ ಪಾಡು ಇನ್ನೂ ಕೆಟ್ಟದ್ದು. ಟ್ರಾಂಬೋನ್ ಸರದಿಯಲ್ಲಿ ಹಿಂದಿನಿಂದ ಡ್ರಂ ವಾದಕ ಝಟ್ಟಿ ಸಿಂಗಲ್‌ಟನ್ ಕೈತಾಳದಲ್ಲಿ ‘ಟೊಕ್ ಟೊಕ್’ ಎನ್ನಿಸುತ್ತಾನೆ. ಹಾಡು ಮುಗಿಯುವುದೂ ಅದೇ ತಾಳದ ಒಂದು ‘ಟೊಕ್’ನಿಂದಲೇ. ನನ್ನ ಅಗ್ಗದ ಸಿ.ಡಿ.ಯಲ್ಲಿ ಆ ಕೊನೆಯ ಪೆಟ್ಟೇ ಇಲ್ಲ. ಕೊನೆಯ ಸ್ವರ ಇಳಿಯುತ್ತಿದ್ದಂತೆ ಯಂತ್ರ ಅದನ್ನೂ ಕಸವೆಂದು ಗುಡಿಸಿಹಾಕಿದೆ.

ಜೆಎಸ್‌ಪಿ ಪೆಟ್ಟಿಗೆಯಲ್ಲಿ ಆ ಪೆಟ್ಟು ಇದೆ, ‘ಸ್‌ಸ್’ ಕೂಡ ಇದೆ. ಇದನ್ನು ಸಿದ್ಧಪಡಿಸಿದ ಜಾನ್ ಆರ್. ಟಿ. ಡೇವಿಸ್ ಸ್ವತಃ ವಾದ್ಯಗಾರ. ‘ಟೆಂಪರೆನ್ಸ್ ಸೆವೆನ್’ ಎಂಬ ಬ್ರಿಟಿಷ್ ಮೇಳದಲ್ಲಿ ನುಡಿಸುತ್ತಿದ್ದವನು. ಗಣಕಯಂತ್ರಗಳು ಈ ಕೆಲಸಕ್ಕೆ ಬರುವ ಮೊದಲು ಟೇಪಿನ ಮೇಲೆ ಚಟಪಟ ಸದ್ದು ಇರುವ ಜಾಗ ಹುಡುಕಿ, ಅಷ್ಟು ಭಾಗದ ಲೇಪವನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದ ಆಸಾಮಿ. ಒಳ್ಳೆಯ ತಟ್ಟೆ ಹುಡುಕು, ಆಮೇಲೆ ಆದಷ್ಟು ಕಡಿಮೆ ಕೈಯಾಡಿಸು ಎಂಬ ಜಾತಿಯ ಕೆಲಸಗಾರ. 1925–26ರ ಮುದ್ರಣಗಳು ಮೈಕ್ ಇಲ್ಲದೆ, ದನಿ ಹಿಡಿಯುವ ಯಂತ್ರದ ಕಹಳೆಯ ಬಾಯಿಗೆ ನುಡಿಸಿದವು, 1927ರ ಹಾಟ್ ಸೆವೆನ್ ವಿದ್ಯುತ್ ಮೈಕಿನವು. ಎರಡರ ನಡುವಿನ ಜಿಗಿತ ಇಲ್ಲಿ ಹಾಗೆಯೇ ಉಳಿದಿದೆ: ಒಮ್ಮೆಲೇ ಟ್ಯೂಬಾ ವಾದ್ಯದ ತಳದ ಸ್ವರ ಸಿಗುತ್ತದೆ, ಕೋಣೆ ದೊಡ್ಡದಾಗುತ್ತದೆ. ಅಗ್ಗದ ಪೆಟ್ಟಿಗೆಯಲ್ಲಿ ಎರಡೂ ಒಂದೇ ಕಂಬಳಿ ಹೊದ್ದಿವೆ. ಜಾನಿ ಸೇಂಟ್ ಸಿರ್‌ನ ಬ್ಯಾಂಜೊ ಪಾಪ, ಅದರೊಳಗೇ ಹೂತುಹೋಗಿದೆ.

ಬೆಲೆಯ ವಿಷಯ. ಐರೋಪ್ಯ ದೇಶಗಳಲ್ಲಿ ಧ್ವನಿಮುದ್ರಣದ ಹಕ್ಕು ಆಗ ಐವತ್ತು ವರ್ಷಕ್ಕೆ ಮುಗಿಯುತ್ತಿದ್ದುದರಿಂದ ಜೆಎಸ್‌ಪಿಗೆ ಇಷ್ಟು ಕಡಿಮೆ ಬೆಲೆಗೆ ಕೊಡಲು ಸಾಧ್ಯವಾಯಿತು. ಕೊಲಂಬಿಯಾ ಕಂಪನಿ 2000ರಲ್ಲಿ ತಂದ ಇವೇ ಮುದ್ರಣಗಳ ಸಂಪುಟಕ್ಕೆ ಭರ್ಜರಿ ಪುಸ್ತಿಕೆಯಿದೆ, ನನ್ನ ಜೇಬಿಗೆ ಮಾತ್ರ ಎಟುಕಲಿಲ್ಲ. ಜೆಎಸ್‌ಪಿಯದು ಸೆಕೆಂಡ್‌ಹ್ಯಾಂಡ್ ಆದರೂ ಸರಿ ಎಂದು ಲಂಡನ್ನಿನಲ್ಲಿರುವ ಅಕ್ಕನ ಮಗನಿಂದ ತರಿಸಿಕೊಂಡೆ.

ಮೊಬೈಲಿನ ಚಂದಾ ಅಗ್ಗವೇ. ಆದರೆ ‘ವೆಸ್ಟ್ ಎಂಡ್ ಬ್ಲೂಸ್’ ಎಂದು ಹುಡುಕಿದರೆ 1928ರದೂ ಬರುತ್ತದೆ, ಆರ್ಮ್‌ಸ್ಟ್ರಾಂಗ್ ತಾನೇ 1939ರಲ್ಲಿ ಮತ್ತೆ ಮುದ್ರಿಸಿದ್ದೂ ಬರುತ್ತದೆ. ಪಕ್ಕದಲ್ಲಿ ಕಾಣುವ ಇಸವಿ ಸಂಕಲನ ಹೊರಟ ವರ್ಷದ್ದು. ಇನ್ನು ಹಾಡಿಗೆ ಹಾಡು ಬೆಸೆಯುವ ಆಯ್ಕೆ ಚಾಲೂ ಇದ್ದರಂತೂ, ಮೇಳವಿಲ್ಲದೆ ಟ್ರಂಪೆಟ್ ಒಂದೇ ನುಡಿಯುವ ಆ ಹಾಡಿನ ಮೊದಲ ಆಲಾಪ ಹಿಂದಿನ ಹಾಡಿನ ಬಾಲದಡಿ ಸಿಕ್ಕಿ ಸಾಯುತ್ತದೆ.

ಪುಕ್ಕಟೆ ಬೇಕೆಂದರೆ ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ನಿಮಿಷಕ್ಕೆ 78 ಸುತ್ತಿನ ತಟ್ಟೆಗಳ ಹಸಿ ನಕಲುಗಳಿವೆ, ಬೇರೆ ಬೇರೆ ಸೂಜಿಯಲ್ಲಿ ತೆಗೆದವು. ದಿನಾ ಕೇಳಲು ನನ್ನಿಂದಾಗದು. ಈ ಪೆಟ್ಟಿಗೆಗಳ ಹೊರಗಿನ ತಟ್ಟೆಗಳನ್ನು ಅರಸಲು ಒಳ್ಳೆಯದು. 1926ರಲ್ಲಿ ಅರ್ಸ್ಕಿನ್ ಟೇಟ್ ಮೇಳದೊಂದಿಗೆ ಆರ್ಮ್‌ಸ್ಟ್ರಾಂಗ್ ನುಡಿಸಿದ ‘ಸ್ಟಾಂಪ್ ಆಫ್, ಲೆಟ್ಸ್ ಗೋ’ದಂಥವು. ಅದರಲ್ಲಿ ಪಿಯಾನೊ ಟೆಡ್ಡಿ ವೆದರ್‌ಫೋರ್ಡ್‌ದು. ಮುಂದೆ ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡವನು ಇವನೇ.

ರಾತ್ರಿ ಮನೆಮಂದಿ ಮಲಗಿದಮೇಲೆ ಹಳೆಯ ಸಿ.ಡಿ. ಪ್ಲೇಯರಿನಲ್ಲಿ ಸಣ್ಣಗೆ ಹಚ್ಚಿ ಕೇಳುವವನು ನಾನು. ಅದಕ್ಕೆ ಜೆಎಸ್‌ಪಿಯ ಮೊದಲ ಮೂರು ಸಿ.ಡಿ.ಗಳೇ ಸಾಕು. ನಾಲ್ಕನೆಯದರ ದೊಡ್ಡ ವಾದ್ಯವೃಂದ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳುವವರು ಚಂದಾ ಕಟ್ಟಲಿ, ಬೆಸೆಯುವ ಆಯ್ಕೆಯನ್ನು ಮೊದಲು ಬಂದ್ ಮಾಡಲಿ.