ಖಾಲಿ ಕ್ಯಾಲೆಂಡರ್‌ಗೆ ಆಟೋ ಪ್ರೈಸಿಂಗ್ ಸಾಫ್ಟ್‌ವೇರ್: ಒಂದು ವರ್ಷ ಬಳಸಿದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್ ಕೊಡ್ತಿದೀನಿ. ಯಾಕೆ ಪೂರ್ತಿ ಕೊಡಲಿಲ್ಲ, ಯಾಕೆ ಇನ್ನೂ ಕಮ್ಮಿ ಮಾಡಲಿಲ್ಲ ಅನ್ನೋದು ಕೆಳಗಿದೆ, ಸ್ವಲ್ಪ ಉದ್ದ ಆಗುತ್ತೆ, ಹಾಲಿಡೇಗೆ ಮನೆ ಬಾಡಿಗೆ ಕೊಡೋರು ಬಿಡುವು ಮಾಡ್ಕೊಂಡು ಓದಿ.

ನಮ್ಮದು ಎರಡು ಬೆಡ್‌ರೂಮಿನ ಒಂದೇ ಒಂದು ಮನೆ. ಸೀಸನ್‌ನಲ್ಲಿ ಬುಕಿಂಗ್ ತಾನಾಗೇ ಬರುತ್ತೆ. ಸೀಸನ್ ಮುಗಿದ ಮೇಲಿನ ಎರಡು ಮೂರು ತಿಂಗಳು ಇದೆಯಲ್ಲ, ಅಲ್ಲಿ ಶುರು ಕಷ್ಟ. ಬೆಳಿಗ್ಗೆ ಎದ್ದ ತಕ್ಷಣ ಫೋನ್ ನೋಡೋದು, ಇನ್‌ಬಾಕ್ಸ್ ಖಾಲಿ, ಕ್ಯಾಲೆಂಡರ್ ಖಾಲಿ, ಗಾಬರಿಗೆ ಬಾಡಿಗೆ ಒಂದಿಷ್ಟು ಇಳಿಸೋದು, ಮೂರು ದಿನ ಕಾದು ಮತ್ತೆ ಇಳಿಸೋದು. ಎರಡು ವರ್ಷ ಹೀಗೇ ಮಾಡಿ ಸಾಕಾಗಿ ಈ ಸಾಫ್ಟ್‌ವೇರ್ ತಗೊಂಡೆ. ಹೆಸರು ಬೇಕಂತಲೇ ಬರೀತಿಲ್ಲ, ಯಾಕಂದ್ರೆ ನಾನು ಹೇಳೋ ಒಳ್ಳೇದು ಕೆಟ್ಟದ್ದು ಎರಡೂ ಈ ತರದ ಬಹಳಷ್ಟು ಟೂಲ್‌ಗಳಲ್ಲಿ ಇರೋದೇ, ಒಂದು ಕಂಪನಿ ಮೇಲೆ ಹೊರಿಸೋದು ಸರಿಯಲ್ಲ.

ಕೆಲಸ ಮಾಡೋ ರೀತಿ ಸಿಂಪಲ್. ನಿಮ್ಮ ಮನೆಗೆ ಒಂದು ಬೇಸ್ ಪ್ರೈಸ್, ಅಂದ್ರೆ ಮೂಲ ದರ ಕೊಡ್ತೀರ. ಟೂಲ್ ಸುತ್ತಮುತ್ತ ಬಾಡಿಗೆಗೆ ಹಾಕಿರೋ ಮನೆಗಳ (ಲಿಸ್ಟಿಂಗ್‌ಗಳ) ದರ, ಅವರ ಕ್ಯಾಲೆಂಡರ್ ಎಷ್ಟು ತುಂಬಿದೆ, ವಾರದ ಯಾವ ದಿನ, ರಜೆ ಇದೆಯಾ, ಆ ದಿನಕ್ಕೆ ಇನ್ನೂ ಎಷ್ಟು ದಿನ ಬಾಕಿ ಇದೆ ಇದೆಲ್ಲ ನೋಡಿ ಪ್ರತಿ ರಾತ್ರಿಗೂ ಬೇರೆ ಬೇರೆ ದರ ಹಾಕುತ್ತೆ, ದಿನಾ ಬದಲಿಸುತ್ತೆ. ಹಾಲಿಡೇ ಮನೆ ಬುಕ್ ಮಾಡೋ ಸೈಟ್ ಏರ್‌ಬಿಎನ್‌ಬಿಯಲ್ಲಿ ಸ್ಮಾರ್ಟ್ ಪ್ರೈಸಿಂಗ್ ಅಂತ 2015ರಿಂದಲೇ ಇದೆ, ಫ್ರೀ ಕೂಡ, ಆದ್ರೆ ಅದು ಆ ಸೈಟಿನ ಲಿಸ್ಟಿಂಗ್‌ಗೆ ಮಾತ್ರ. ಎರಡು ಮೂರು ಸೈಟಲ್ಲಿ ಮನೆ ಹಾಕಿರೋರಿಗೆ ಎಲ್ಲ ಕಡೆ ಒಂದೇ ಸಲ ದರ ಬದಲಾಗ್ಬೇಕು ಅಂದ್ರೆ ಹೊರಗಿನ ಟೂಲ್ ಬೇಕಾಗುತ್ತೆ, ನಾನು ತಗೊಂಡಿದ್ದೂ ಅದಕ್ಕೇ.

ಸೆಟಪ್‌ಗೆ ಒಂದು ಸಂಜೆ ಹಿಡೀತು. ಸೀಸನ್‌ನಲ್ಲಿ ತುಂಬಾ ಖುಷಿ ಕೊಡ್ತು, ನಾನು ಯಾವತ್ತೂ ಧೈರ್ಯ ಮಾಡದ ದರ ಹಾಕ್ತು, ಬುಕಿಂಗೂ ಬಂತು. ಅಷ್ಟಕ್ಕೇ ಐದು ಸ್ಟಾರ್ ಕೊಡೋಕೆ ಕೂತಿದ್ದೆ. ಆಮೇಲೆ ಸೀಸನ್ ಮುಗೀತು.

ಮೊದಲ ಪೆಟ್ಟು ರಿಯಾಯಿತಿಗಳದ್ದು. ಟೂಲ್‌ನಲ್ಲಿ ಮೊದಲೇ ಹಾಕಿಟ್ಟಿದ್ದ ಸೆಟ್ಟಿಂಗ್ ಏನಂದ್ರೆ ಹತ್ತಿರದ ದಿನ ಖಾಲಿ ಇದ್ರೆ 30 ಪರ್ಸೆಂಟ್‌ವರೆಗೂ ಇಳಿಸು ಅಂತ. ನಾನು ಬುಕಿಂಗ್ ಸೈಟಲ್ಲಿ ಯಾವತ್ತೋ 7 ರಾತ್ರಿ ಉಳಿಯೋರಿಗೆ 10 ಪರ್ಸೆಂಟ್ ವಾರದ ರಿಯಾಯಿತಿ ಹಾಕಿ ಮರೆತಿದ್ದೆ. ಆ ಸೈಟಿನವರದ್ದು ಸದಸ್ಯರಿಗೆ ಅಂತ ಇನ್ನೊಂದು 10 ಪರ್ಸೆಂಟ್. ಇವು ಮೂರೂ ಒಂದರ ಮೇಲೊಂದು ಕೂತವು. 100 ಇದ್ದದ್ದು ಮೊದಲು 70 ಆಯ್ತು, ಅದರ ಮೇಲೆ 10 ಪರ್ಸೆಂಟ್ ಹೋಗಿ 63, ಅದರ ಮೇಲೆ ಮತ್ತೊಂದು 10 ಹೋಗಿ 56.7. ಟೂಲ್‌ಗೆ ತಾನು ಹಾಕಿದ 70 ಮಾತ್ರ ಕಾಣುತ್ತೆ, ಸೈಟಿನೊಳಗೆ ನಡೆಯೋ ಕಡಿತ ಅದಕ್ಕೆ ಗೊತ್ತೇ ಇಲ್ಲ. ಗೆಸ್ಟ್ ಬಂದು ಖುಷಿಯಾಗಿ ಏಳು ರಾತ್ರಿ ಇದ್ದು ಹೋದ್ರು, ದುಡ್ಡು ಅಕೌಂಟಿಗೆ ಬಂದಾಗ್ಲೇ ನನಗೆ ವಿಷಯ ತಿಳಿದಿದ್ದು.

ಇಲ್ಲೊಂದು ಲೆಕ್ಕ ಹೇಳ್ಬೇಕು, ಇದನ್ನ ಮೊದಲೇ ಮಾಡಿದ್ರೆ ಎರಡು ವರ್ಷ ಒದ್ದಾಡ್ತಾ ಇರ್ಲಿಲ್ಲ. ಒಂದು ರಾತ್ರಿಗೆ ಬಾಡಿಗೆ 100 ಅಂತ ಇಟ್ಕೊಳ್ಳಿ, ಕ್ಲೀನಿಂಗು, ಬೆಡ್‌ಶೀಟ್ ಟವಲ್ ಒಗೆಯೋದು, ಕರೆಂಟು, ಸೋಪು ಶಾಂಪೂ ಎಲ್ಲ ಸೇರಿ ಗೆಸ್ಟ್ ಬಂದ್ರೆ ಮಾತ್ರ ಆಗೋ ಖರ್ಚು ರಾತ್ರಿಗೆ 30. ಕೈಗೆ 70. ಹತ್ತು ರಾತ್ರಿ ಬುಕ್ ಆದ್ರೆ 700. ಈಗ 20 ಪರ್ಸೆಂಟ್ ಇಳಿಸಿದ್ರಿ, ಕೈಗೆ 50, ಅದೇ 700 ಬರ್ಬೇಕಂದ್ರೆ 14 ರಾತ್ರಿ ತುಂಬಬೇಕು. ನನಗಾದ ಹಾಗೆ 56.7ಕ್ಕೆ ಹೋದ್ರೆ ಕೈಗೆ 26.7, ಆಗ 26 ರಾತ್ರಿ ತುಂಬಿದ್ರೂ 700 ಮುಟ್ಟಲ್ಲ. ಡಲ್ ತಿಂಗಳಲ್ಲಿ 26 ರಾತ್ರಿ ಎಲ್ಲಿಂದ ತರೋದು ಹೇಳಿ. ಬಾಡಿಗೆ ಇಳಿಸಿ ಮನೆ ತುಂಬಿಸಿದೆ ಅಂತ ಸಮಾಧಾನ ಪಡ್ತಿದ್ದ ತಿಂಗಳುಗಳಲ್ಲಿ ನಾನು ಜಾಸ್ತಿ ಕೆಲಸ ಮಾಡಿ ಕಮ್ಮಿ ದುಡಿದಿದ್ದೆ ಅಷ್ಟೇ.

ಈ ಟೂಲ್‌ಗಳ ಐಡಿಯಾ ಬಂದಿದ್ದು ವಿಮಾನದವರಿಂದ. 1978ರಲ್ಲಿ ಅಮೆರಿಕದಲ್ಲಿ ಟಿಕೆಟ್ ದರದ ಮೇಲಿದ್ದ ಸರ್ಕಾರಿ ಹಿಡಿತ ಹೋದ ಮೇಲೆ, 80ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಇದನ್ನ ದೊಡ್ಡ ಮಟ್ಟದಲ್ಲಿ ಮಾಡ್ತು, ಯೀಲ್ಡ್ ಮ್ಯಾನೇಜ್‌ಮೆಂಟ್ ಅಂತಾರೆ, ಆಮೇಲೆ ಹೋಟೆಲ್‌ಗಳು ತಗೊಂಡವು, ಈಗ ನಮ್ಮಂಥವರ ಹತ್ರ ಬಂದಿದೆ. ಖಾಲಿ ಹಾರಿದ ಸೀಟು ಮತ್ತೆ ಸಿಗಲ್ಲ, ಖಾಲಿ ಹೋದ ರಾತ್ರಿಯೂ ಅಷ್ಟೇ, ಅಲ್ಲಿವರೆಗೂ ಸರಿ. ಆದ್ರೆ ಹೇಗಿದ್ರೂ ಹಾರೋ ವಿಮಾನಕ್ಕೆ ಒಬ್ಬ ಪ್ಯಾಸೆಂಜರ್ ಹೆಚ್ಚಾದ್ರೆ ಖರ್ಚು ಅತ್ಯಲ್ಪ. ನಮಗೆ ಒಬ್ಬ ಗೆಸ್ಟ್ ಹೆಚ್ಚಾದ್ರೆ ಇಡೀ ಮನೆ ಮತ್ತೆ ಗುಡಿಸಿ ಒರೆಸಿ ಹಾಸಿಗೆ ಬದಲಿಸಿ ಕೊಡ್ಬೇಕು. ಈ ವ್ಯತ್ಯಾಸ ಸಾಫ್ಟ್‌ವೇರ್‌ಗೆ ತಾನಾಗಿ ಗೊತ್ತಾಗಲ್ಲ, ನಾವೇ ಮಿನಿಮಮ್ ಪ್ರೈಸ್ ಅನ್ನೋ ಖಾನೆಯಲ್ಲಿ ಹೇಳ್ಬೇಕು. ನಾನು ಆ ಖಾನೆಯಲ್ಲಿ ಸೆಟಪ್ ದಿನ ಬಾಯಿಗೆ ಬಂದ ನಂಬರ್ ಹಾಕಿದ್ದೆ. ಈಗ ಖರ್ಚು, ಸೈಟಿನ ಕಮಿಷನ್, ಎಲ್ಲ ರಿಯಾಯಿತಿ ಕಳೆದ ಮೇಲೂ ಕೈಗೆ ಇಷ್ಟು ಉಳಿಯಲೇಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿ ತುಂಬಿಸಿದೀನಿ. ಅದಕ್ಕಿಂತ ಕೆಳಗೆ ಹೋಗೋ ಬದಲು ಮನೆ ಖಾಲಿ ಇರ್ಲಿ, ಆ ವಾರ ಪೇಂಟ್ ಮಾಡಿಸ್ತೀನಿ, ಸೋರೋ ನಲ್ಲಿ ರಿಪೇರಿ ಮಾಡಿಸ್ತೀನಿ.

ಎರಡನೇ ಪೆಟ್ಟು ಇನ್ನೂ ಜೋರು. ಡಲ್ ತಿಂಗಳಲ್ಲಿ ಗಾಬರಿಯಾಗಿ ಬೇಸ್ ಪ್ರೈಸ್‌ನೇ ಇಳಿಸಿದೆ. ಬೇಸ್ ಪ್ರೈಸ್ ಅಂದ್ರೆ ಇಡೀ ವರ್ಷದ ಬುಡ, ಅದನ್ನ ಮುಟ್ಟಿದ್ರೆ ಮುಂದಿನ ಸೀಸನ್ ದರವೂ ಇಳಿಯುತ್ತೆ. ಮುಂಚೆನೇ ಪ್ಲಾನ್ ಮಾಡೋ ಜನ ಇರ್ತಾರಲ್ಲ, ಎರಡು ಕುಟುಂಬ ಬಂದು ಸೀಸನ್‌ನ ಅತ್ಯಂತ ಒಳ್ಳೇ ಎರಡು ವಾರ ಆ ಇಳಿದ ದರಕ್ಕೆ ಬುಕ್ ಮಾಡ್ಕೊಂಡ್ರು. ಕ್ಯಾನ್ಸಲ್ ಮಾಡೋ ಮಾತೇ ಇಲ್ಲ, ಅವರು ನಂಬಿ ದುಡ್ಡು ಕಟ್ಟಿದಾರೆ. ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ, ಡಲ್ ತಿಂಗಳಿಗೆ ಆ ತಾರೀಖುಗಳಿಗೆ ಮಾತ್ರ ಸೀಸನಲ್ ರೂಲ್ ಹಾಕಿ, ಬೇಸ್ ಮುಟ್ಟಬೇಡಿ. ಟೂಲ್‌ನವರು ಆ ಬಟನ್ ಪಕ್ಕ ಒಂದು ಎಚ್ಚರಿಕೆ ಸಾಲು ಹಾಕಬಹುದಿತ್ತು, ಹಾಕಿಲ್ಲ, ಅರ್ಧ ಸ್ಟಾರ್ ಕಮ್ಮಿ ಆಗಿದ್ದು ಅದಕ್ಕೆ.

ಇನ್ನು ಸ್ಟಾರ್ ಉಳಿಸಿದ ವಿಷಯ. ನನ್ನ ಪ್ರಕಾರ ಆಫ್ ಸೀಸನ್‌ಗೆ ಈ ಟೂಲ್‌ನಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ದರ ಇಳಿಸೋ ಭಾಗ ಅಲ್ಲವೇ ಅಲ್ಲ, ಮಿನಿಮಮ್ ಸ್ಟೇ (ಕನಿಷ್ಠ ಎಷ್ಟು ರಾತ್ರಿ ಉಳೀಬೇಕು ಅನ್ನೋದು) ಮತ್ತು ಗ್ಯಾಪ್ ನೈಟ್ (ಎರಡು ಬುಕಿಂಗ್ ನಡುವೆ ಖಾಲಿ ಉಳಿಯೋ ರಾತ್ರಿ) ಸೆಟ್ಟಿಂಗು. ನಮ್ಮಲ್ಲಿ ಕನಿಷ್ಠ 3 ರಾತ್ರಿ ಅಂತ ಇತ್ತು. ಒಬ್ಬರು ಸೋಮವಾರ ಬೆಳಿಗ್ಗೆ ಹೋಗ್ತಾರೆ, ಮುಂದಿನವರು ಬುಧವಾರ ಬರ್ತಾರೆ ಅಂದ್ರೆ ನಡುವಿನ ಎರಡು ರಾತ್ರಿ ಯಾರು ಹುಡುಕಿದ್ರೂ ನಮ್ಮ ಮನೆ ಕಾಣಿಸೋದೇ ಇಲ್ಲ. ದರ ಎಷ್ಟೇ ಇಳಿಸಿದ್ರೂ ಬುಕ್ ಆಗಲ್ಲ, ಬಾಗಿಲೇ ಹಾಕಿದೆಯಲ್ಲ! ಸೀಸನ್‌ನಲ್ಲಿ ಇದು ಗೊತ್ತಾಗಲ್ಲ, ಬುಕಿಂಗ್ ಕಮ್ಮಿಯಾದಾಗ ಇಂಥ ಸಂದಿಗಳೇ ತುಂಬಾ. ಟೂಲ್ ಗ್ಯಾಪ್ ನೋಡಿದ ತಕ್ಷಣ ಅಲ್ಲಿಗೆ ಮಾತ್ರ ಮಿನಿಮಮ್ 2 ಮಾಡುತ್ತೆ, ಉಳಿದ ಕಡೆ 3 ಹಾಗೇ ಇರುತ್ತೆ. ಒಂದೇ ರಾತ್ರಿಯ ಗ್ಯಾಪ್‌ಗೆ ನಾನು 25 ಪರ್ಸೆಂಟ್ ಜಾಸ್ತಿ ಹಾಕಿದೀನಿ, ಯಾಕಂದ್ರೆ ಕ್ಲೀನಿಂಗ್ ಖರ್ಚು ಪೂರ್ತಿ ಆ ಒಂದು ರಾತ್ರಿ ಮೇಲೇ ಬೀಳುತ್ತೆ. ಈ ಡಲ್ ಸೀಸನ್‌ನಲ್ಲಿ ನನಗೆ ಬಂದ ಹೆಚ್ಚುವರಿ ಬುಕಿಂಗ್‌ಗಳಲ್ಲಿ ಜಾಸ್ತಿ ಪಾಲು ಇಂಥ ಸಂದಿಗಳದ್ದೇ.

ಇನ್ನೊಂದು, ರಿಪೋರ್ಟ್ ಪೇಜ್. ಗೆಸ್ಟ್‌ಗಳು ಬರೋಕೆ ಎಷ್ಟು ದಿನ ಮುಂಚೆ ಬುಕ್ ಮಾಡ್ತಾರೆ ಅಂತ ತಿಂಗಳವಾರು ತೋರಿಸುತ್ತೆ. ಸೀಸನ್‌ನಲ್ಲಿ ನಮ್ಮವರು ಎರಡು ತಿಂಗಳು ಮುಂಚೆ, ಆಫ್ ಸೀಸನ್‌ನಲ್ಲಿ ಬರೀ ಆರೇಳು ದಿನ! ಅಂದ್ರೆ ಇಪ್ಪತ್ತು ದಿನ ಆಚೆಗಿನ ವಾರ ಖಾಲಿ ಕಾಣ್ತಿದೆ ಅಂತ ನಾನು ನಿದ್ದೆ ಕೆಡಿಸ್ಕೊಂಡಿದ್ದು ಪೂರ್ತಿ ದಂಡ, ಆ ವಾರಕ್ಕೆ ಬರೋರು ಇನ್ನೂ ಹುಡುಕೋಕೇ ಶುರು ಮಾಡಿರಲ್ಲ. ಟೂಲ್‌ನ ಡಿಫಾಲ್ಟ್ ರಿಯಾಯಿತಿ 15 ದಿನ ಮುಂಚೆನೇ ಶುರುವಾಗ್ತಿತ್ತು, ನಾನು 5 ದಿನಕ್ಕೆ ತಂದೆ, ಗರಿಷ್ಠ 15 ಪರ್ಸೆಂಟ್ ಅಂತ ಮಾಡಿದೆ. ಬುಕಿಂಗ್ ಸಂಖ್ಯೆ ಏನೂ ಕಮ್ಮಿ ಆಗಲಿಲ್ಲ, ಒಂದೊಂದು ರಾತ್ರಿಗೆ ಬರೋದು ಮಾತ್ರ ಜಾಸ್ತಿ ಆಯ್ತು.

ನಂಬಬಾರದ ಒಂದು ಜಾಗವೂ ಇದೆ. ಮಾರ್ಕೆಟ್ ಗ್ರಾಫ್ ನೋಡಿದ್ರೆ ಒಂದು ವಾರ ಸುತ್ತಮುತ್ತ ಎಲ್ಲ ಮನೆ ತುಂಬಿದ ಹಾಗೆ ತೋರಿಸ್ತಿತ್ತು, ಟೂಲ್ ನನ್ನ ದರ ಏರಿಸ್ತು, ಒಂದು ಎನ್‌ಕ್ವೈರಿಯೂ ಇಲ್ಲ. ಆಮೇಲೆ ಪರಿಚಯದ ಹೋಸ್ಟ್ ಒಬ್ಬರನ್ನ ಕೇಳಿದ್ರೆ, ಅವರು ರಿಪೇರಿಗೆ ಅಂತ ಕ್ಯಾಲೆಂಡರ್ ಬ್ಲಾಕ್ ಮಾಡಿದ್ರಂತೆ, ಇನ್ನೂ ಕೆಲವರು ತಾವೇ ಉಳಿಯೋಕೆ ಬ್ಲಾಕ್ ಮಾಡಿದ್ರಂತೆ. ಹೊರಗಿನಿಂದ ನೋಡೋ ಸಾಫ್ಟ್‌ವೇರ್‌ಗೆ ಬ್ಲಾಕ್ ಆದ ದಿನವೂ ಬುಕ್ ಆದ ದಿನವೂ ಒಂದೇ ತರ ಕಾಣುತ್ತೆ. ಡಲ್ ಟೈಮಲ್ಲಿ ಎಲ್ಲರೂ ರಿಪೇರಿ ಇಟ್ಕೊಳ್ಳೋದರಿಂದ ಈ ತಪ್ಪು ಆಗ್ಲೇ ಜಾಸ್ತಿ. ಅದಕ್ಕೆ ವಾರಕ್ಕೊಂದು ಸಲ ನಾನೇ ಗೆಸ್ಟ್ ತರ ಸರ್ಚ್ ಮಾಡಿ ಯಾವ್ಯಾವ ಮನೆ ಎಷ್ಟಕ್ಕೆ ಸಿಗ್ತಿದೆ ನೋಡ್ತೀನಿ, ಹತ್ತು ನಿಮಿಷದ ಕೆಲಸ.

ಲಾಂಗ್ ಸ್ಟೇಗೆ ಟೂಲ್ ಸಹಾಯ ಮಾಡೋದು ಅಷ್ಟಕ್ಕಷ್ಟೇ. ಏರ್‌ಬಿಎನ್‌ಬಿಯಲ್ಲಿ 28 ರಾತ್ರಿ ಅಥವಾ ಜಾಸ್ತಿ ಉಳಿಯೋರಿಗೆ ತಿಂಗಳ ರಿಯಾಯಿತಿ ಹಾಕಬಹುದು, ಅದನ್ನ ನಾನು ಡಲ್ ತಿಂಗಳಿಗೆ ಕೈಯಾರೆ ಮಾಡ್ತೀನಿ. ಸ್ವಂತ ಮನೆ ರಿಪೇರಿಯಲ್ಲಿರೋರು, ಲ್ಯಾಪ್‌ಟಾಪ್ ಹಿಡ್ಕೊಂಡು ಎಲ್ಲಿಂದಾದ್ರೂ ಕೆಲಸ ಮಾಡೋರು, ಇಂಥವರು ಒಬ್ಬರು ಸಿಕ್ಕಿದ್ರೆ ಒಂದು ತಿಂಗಳ ಚಿಂತೆ ಹೋಯ್ತು, ಕ್ಲೀನಿಂಗೂ ಒಂದೇ ಸಲ. ಆದ್ರೆ ತುಂಬಾ ಕಡೆ ತಿಂಗಳು ದಾಟಿ ಉಳಿದ್ರೆ ಬಾಡಿಗೆದಾರರ ಕಾನೂನು ಅನ್ವಯ ಆಗುತ್ತೆ, ನಿಮ್ಮಲ್ಲಿ ಹೇಗಿದೆ ಅಂತ ವಿಚಾರಿಸಿನೇ ಲಾಂಗ್ ಸ್ಟೇಗೆ ಕೊಡಿ. ಒಳ್ಳೇ ವೈ-ಫೈ, ಕೂತು ಕೆಲಸ ಮಾಡೋಕೆ ಸರಿಯಾದ ಟೇಬಲ್ ಕುರ್ಚಿ ಹಾಕಿ ಅದರ ಫೋಟೋ ಸೇರಿಸಿದ ಮೇಲೇ ನನಗೆ ಇಂಥ ಎನ್‌ಕ್ವೈರಿ ಬಂದಿದ್ದು, ಅದನ್ನ ಯಾವ ಸಾಫ್ಟ್‌ವೇರೂ ಹೇಳ್ಕೊಡಲಿಲ್ಲ.

ಏರ್‌ಬಿಎನ್‌ಬಿ ಚೆನ್ನಾಗಿ ನಡೆಸೋ ಮನೆ ಮಾಲೀಕರಿಗೆ ಕೊಡೋ ಸೂಪರ್‌ಹೋಸ್ಟ್ ಬ್ಯಾಡ್ಜ್ ಹೋಗ್ಬಿಡುತ್ತೆ ಅಂತ ಹೆದರಿ ಸಿಕ್ಕ ದರಕ್ಕೆ ಕೊಡೋರಿಗೆ ಒಂದು ಮಾತು. ಮೂರು ತಿಂಗಳಿಗೊಮ್ಮೆ ನೋಡ್ತಾರೆ ನಿಜ, ಆದ್ರೆ ಲೆಕ್ಕಕ್ಕೆ ಹಿಡಿಯೋದು ಹಿಂದಿನ 365 ದಿನ, ವರ್ಷಕ್ಕೆ 10 ಸ್ಟೇ ಆದ್ರೆ ಆಯ್ತು, ರೇಟಿಂಗ್ 4.8 ಇರ್ಬೇಕು, ಮೆಸೇಜ್‌ಗೆ 90 ಪರ್ಸೆಂಟ್ ಉತ್ತರ ಕೊಟ್ಟಿರ್ಬೇಕು, ನಮ್ಮ ಕಡೆಯಿಂದ ಕ್ಯಾನ್ಸಲೇಷನ್ 1 ಪರ್ಸೆಂಟ್‌ಗಿಂತ ಕಮ್ಮಿ ಇರ್ಬೇಕು. ಒಂದು ಡಲ್ ತಿಂಗಳಿಂದ ಸೀಸನ್‌ನಲ್ಲಿ ತುಂಬಿದ ಮನೆಗೆ ಏನೂ ಆಗಲ್ಲ.

ಫೀಸ್ ಬಗ್ಗೆ. ಈ ಟೂಲ್‌ಗಳಲ್ಲಿ ಕೆಲವು ಒಂದು ಮನೆಗೆ ತಿಂಗಳಿಗೆ ಇಷ್ಟು ಅಂತ ತಗೋತಾರೆ, ಕೆಲವು ಬುಕಿಂಗ್ ಮೊತ್ತದಲ್ಲಿ ಪರ್ಸೆಂಟ್ ತಗೋತಾರೆ. ನಂದು ತಿಂಗಳ ಲೆಕ್ಕ, ಮನೆ ಖಾಲಿ ಇದ್ರೂ ಕಟ್ಟಲೇಬೇಕು, ಮೂರು ತಿಂಗಳು ಡಲ್ ಇರೋರು ಪರ್ಸೆಂಟ್ ಪ್ಲಾನ್ ಜೊತೆ ಹೋಲಿಸಿ ನೋಡಿ ತಗೊಳ್ಳಿ. ಸಪೋರ್ಟ್ ಚಾಟಲ್ಲಿ ಮಾತ್ರ, ಉತ್ತರಕ್ಕೆ ಒಂದು ದಿನ ಕಾಯ್ಬೇಕಾಯ್ತು, ಆದ್ರೆ ಗ್ಯಾಪ್ ನೈಟ್ ಸೆಟ್ಟಿಂಗ್ ಹೇಗೆ ಅಂತ ಸ್ಕ್ರೀನ್‌ಶಾಟ್ ಹಾಕಿ ತಾಳ್ಮೆಯಿಂದ ಹೇಳ್ಕೊಟ್ಟರು, ಅದಕ್ಕೆ ಥ್ಯಾಂಕ್ಸ್.

ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿದೀನಿ. ಮಿನಿಮಮ್ ಪ್ರೈಸ್‌ನ ಪ್ರತಿ ಮೂರು ತಿಂಗಳಿಗೆ ಖರ್ಚಿನ ಲೆಕ್ಕ ನೋಡಿ ಬದಲಿಸ್ತೀನಿ, ಬೇಸ್ ಪ್ರೈಸ್ ಖಾನೆಗೆ ಕೈ ಹಾಕಲ್ಲ. ಬೇರೆ ಯಾರಾದ್ರೂ ಪರ್ಸೆಂಟ್ ಪ್ಲಾನ್ ಇರೋದನ್ನ ಪೂರ್ತಿ ಒಂದು ಆಫ್ ಸೀಸನ್ ಬಳಸಿದ್ರೆ ಅದರಲ್ಲಿ ಗ್ಯಾಪ್ ನೈಟ್ ಸೆಟ್ಟಿಂಗ್ ಇದೆಯಾ, ಒಂದೇ ರಾತ್ರಿಗೆ ಬೇರೆ ದರ ಹಾಕೋಕಾಗುತ್ತಾ ಅಂತ ದಯವಿಟ್ಟು ತಿಳಿಸಿ.